ಸೊಟ್ಟ ವಿಮಾನಕ್ಕೆ ನೆಟ್ಟಗಿನ ಗೆರೆ

16 ನವೆಂಬರ್ 2024, ಶನಿವಾರ

ಮೇಜಿನ ಮೇಲೆ ಬ್ಲೋಮ್ ಉಂಡ್ ಫಾಸ್ ಬಿವಿ 141, ಹಳೆಯ ಜರ್ಮನ್ ವಿಮಾನವೊಂದರ ಪ್ಲಾಸ್ಟಿಕ್ ಮಾದರಿ. 1/72 ಅಳತೆ (ನಿಜದ 72ರಲ್ಲಿ ಒಂದು ಪಾಲು), ಹಳೆಯ ಅಚ್ಚಿನ ಕಿಟ್. ಈ ವಿಮಾನ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇನ್ನರ್ಧ ಎಲ್ಲಿ? ಇನ್ನರ್ಧ ಇಲ್ಲವೇ ಇಲ್ಲ. ಎಂಜಿನ್ ಮತ್ತು ಬಾಲ ಹೊತ್ತ ಉದ್ದನೆಯ ಬೂಮ್ (ಕೊಳವೆಯಂಥ ಒಡಲು) ಎಡಕ್ಕೆ, ಮೂವರು ಕೂರುವ ಗಾಜಿನ ಗೂಡು ಬಲಕ್ಕೆ, ಎರಡನ್ನೂ ಹಿಡಿದಿಡುವುದು ಒಂದು ರೆಕ್ಕೆ. (ಎಡ, ಬಲ ಎಂದರೆ ಯಾವಾಗಲೂ ಪೈಲಟ್ ಕೂತ ದಿಕ್ಕಿನಿಂದ. ಮಾದರಿಯನ್ನು ಮೂತಿಯ ಕಡೆಯಿಂದ ನೋಡುತ್ತ ಕೂತರೆ ಎಡಬಲ ಅದಲುಬದಲಾಗುತ್ತದೆ. ಬೇರೆ ಕಿಟ್‌ಗಳಲ್ಲಿ ಅದು ಸಣ್ಣ ತಪ್ಪು, ಇಲ್ಲಿ ದೊಡ್ಡದು.)

ಜರ್ಮನ್ ವಾಯುಯಾನ ಸಚಿವಾಲಯ 1937ರಲ್ಲಿ ಕೇಳಿದ್ದು ಒಂದೇ ಎಂಜಿನ್ ಇರುವ, ಮೂರು ಜನ ಕೂರುವ, ಸುತ್ತಲೂ ಚೆನ್ನಾಗಿ ಕಾಣುವ ವೀಕ್ಷಣಾ ವಿಮಾನ. ಮೂತಿಯಲ್ಲಿ ಎಂಜಿನ್ ಇದ್ದರೆ ಮುಂದೆ ಕಾಣುವುದಿಲ್ಲ. ಹಾಗಾದರೆ ಜನರನ್ನೇ ಪಕ್ಕಕ್ಕೆ ಕೂರಿಸೋಣ ಎಂದ ವಿನ್ಯಾಸಕಾರ ರಿಚರ್ಡ್ ಫೋಗ್ಟ್. ಪ್ರೊಪೆಲ್ಲರ್ ತಿರುಗುವಾಗ ವಿಮಾನ ಎಡಕ್ಕೆ ಉರುಳಲು ನೋಡುತ್ತದೆ. ಬಲಗಡೆಯ ಗೂಡಿನ ಭಾರ ಅದನ್ನು ತಡೆಯುತ್ತದೆ. 1938ರ ಫೆಬ್ರವರಿ 25ರಂದು ಮೊದಲ ಹಾರಾಟ. ಹಾರಿದ್ದು ಚೆನ್ನಾಗಿಯೇ, ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ಎರಡು ಎಂಜಿನ್‌ಗಳ ಫೋಕ್ಕೆ-ವುಲ್ಫ್ 189ಕ್ಕೆ. ಇಡಿಯಾಗಿ ಉಳಿದ ಬಿವಿ 141 ಒಂದೂ ಇಲ್ಲ. ಹಾಗಾಗಿ ಆಧಾರ ಎಂದರೆ ಹಳೆಯ ಫೋಟೊಗಳು ಮತ್ತು ನಕ್ಷೆ ಮಾತ್ರ.

ಕತ್ತರಿಸುವ ಮೊದಲು ಸ್ಪ್ರೂಗಳಿಗೆಲ್ಲ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಸ್ನಾನ: ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ಅಚ್ಚಿನಿಂದ ಭಾಗಗಳು ಬಿಡಲೆಂದು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಟೇಪಿನ ಜೊತೆ ಎದ್ದು ಬರುತ್ತದೆ. ನೀರು ಬಿಸಿಯಾಗಿದ್ದರೆ ತೆಳು ಭಾಗ ಬಾಗುತ್ತದೆ. ಪಾರದರ್ಶಕ ಸ್ಪ್ರೂವನ್ನು ಬೇರೆಯಾಗಿ ತೊಳೆದು ಬಟ್ಟೆಯಲ್ಲಿ ಸುತ್ತಿಡಬೇಕು. ಉಳಿದವುಗಳ ಜೊತೆ ಉಜ್ಜಾಡಿದರೆ ಗೀರು ಖಚಿತ.

ಹಳೆಯ ಅಚ್ಚಾದ್ದರಿಂದ ಅಂಚುಗಳಲ್ಲಿ ಫ್ಲ್ಯಾಶ್ (ಅಚ್ಚಿನ ಸಂದಿಯಿಂದ ಹೊರಚಾಚಿದ ತೆಳು ಪ್ಲಾಸ್ಟಿಕ್), ದಪ್ಪ ಜಾಗಗಳಲ್ಲಿ ಕುಳಿ, ರೆಕ್ಕೆಯ ತುಂಬ ಉಬ್ಬಿದ ರಿವೆಟ್. ಆ ರಿವೆಟ್‌ಗಳನ್ನು 72ರಿಂದ ಗುಣಿಸಿದರೆ ಒಂದೊಂದೂ ಅಂಗಿ ಬಟನ್ನಿನಷ್ಟಾಗುತ್ತದೆ. 400ರ ಸ್ಯಾಂಡ್‌ಪೇಪರ್‌ನಲ್ಲಿ ಸವರಿ, 800, 1200ರಲ್ಲಿ ನಯ ಮಾಡಿ, ಮುಖ್ಯ ಪ್ಯಾನೆಲ್ ಗೆರೆಗಳನ್ನಷ್ಟೇ (ಲೋಹದ ಹಾಳೆಗಳು ಸೇರುವ ಗೆರೆ) ಸೂಜಿಯಿಂದ ಮತ್ತೆ ಕೊರೆದರೆ ಸಾಕು. ಗೆರೆ ಹಾಯುವ ಕಡೆ ಕುಳಿಗೆ ಪುಟ್ಟಿ ಬೇಡ. ಸೂಜಿ ತಾಗಿದರೆ ಪುಟ್ಟಿ ಪುಡಿಪುಡಿಯಾಗಿ ಉದುರುತ್ತದೆ. ಅಲ್ಲಿಗೆ ಸೂಪರ್ ಗ್ಲೂ ಸರಿ, ಆದರೆ ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಬೇಕು. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ಉಜ್ಜಿದಾಗ ಸುತ್ತಲಿನ ಪ್ಲಾಸ್ಟಿಕ್ ಸವೆದು ಅಂಟು ದಿಬ್ಬದಂತೆ ನಿಲ್ಲುತ್ತದೆ.

ಇನ್ನು ಇಡೀ ದಿನ ತಿಂದ ಕೆಲಸ, ಜೋಡಣೆಯ ನೇರ ನೋಡುವುದು. ಸಾಮಾನ್ಯ ವಿಮಾನದಲ್ಲಿ ಎಡವನ್ನು ಬಲದ ಜೊತೆ ಹೋಲಿಸಿದರೆ ಕಣ್ಣೇ ತಪ್ಪು ಹೇಳುತ್ತದೆ. ಇಲ್ಲಿ ಹೋಲಿಸಲು ಜೋಡಿಯೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸರಿಯಾಗಿ ಕೂತ ಮೇಲೂ ಅದು ಸೊಟ್ಟಗೇ ಕಾಣುತ್ತದೆ. ಕಣ್ಣಿಗೆ ಸರಿ ಕಾಣುವವರೆಗೆ ತಿರುಗಿಸುತ್ತ ಹೋದರೆ ಕೊನೆಗೆ ಸಿಗುವುದು ನಿಜವಾದ ಸೊಟ್ಟ. ವಿಮಾನದ ನಡುಗೆರೆ ಬೂಮ್ ಮತ್ತು ಗೂಡಿನ ನಡುವೆ ಹಾಯುತ್ತದೆ, ಅಲ್ಲಿ ಕೈಗೆ ಸಿಗುವುದು ರೆಕ್ಕೆಯ ತುಂಡು ಮಾತ್ರ. ಆ ಗೆರೆಯನ್ನು ಕಾಗದದ ಮೇಲೆ ಎಳೆದುಕೊಳ್ಳದೆ ಗತಿಯಿಲ್ಲ.

ಮಾಡಿದ್ದು ಹೀಗೆ. ಚಪ್ಪಟೆ ಹಲಗೆಯ ಮೇಲೆ ಗ್ರಾಫ್ ಕಾಗದ ಅಂಟಿಸಿ, ನಡುಗೆರೆ, ಅದಕ್ಕೆ ಲಂಬವಾಗಿ ರೆಕ್ಕೆಯ ತುದಿಯಿಂದ ತುದಿಗೆ ಒಂದು ಗೆರೆ, ನಡುಗೆರೆಗೆ ಸಮಾನಾಂತರವಾಗಿ ಬೂಮಿಗೊಂದು, ಗೂಡಿಗೊಂದು. ಬಿ ಮಾದರಿಯ (ಈ ವಿಮಾನದ ನಂತರದ ರೂಪ) ರೆಕ್ಕೆಯ ಉದ್ದ 17.46 ಮೀಟರ್, 1/72ರಲ್ಲಿ 242.5 ಮಿ.ಮೀ. ಅಂದರೆ ನಡುಗೆರೆಯಿಂದ ಪ್ರತಿ ತುದಿಗೆ 121 ಮಿ.ಮೀ. ಚಿಲ್ಲರೆ. ಕಿಟ್ಟಿನ ರೆಕ್ಕೆ ಇದಕ್ಕಿಂತ ಒಂದೆರಡು ಮಿ.ಮೀ. ಆಚೀಚೆ ಇದ್ದರೆ ಲೆಕ್ಕಕ್ಕೆ ಕಿಟ್ಟಿನ ಅಳತೆಯನ್ನೇ ಹಿಡಿಯಬೇಕು.

ಆಮೇಲೆ ಓರೆ ಅಳತೆ. ರೆಕ್ಕೆಯ ತುದಿಯಿಂದ ಬಾಲದ ತುದಿಗೆ ದಾರ ಹಿಡಿದು ಎರಡೂ ಕಡೆ ಸಮ ಬಂದರೆ ಸರಿ ಅನ್ನುವ ಹಳೇ ಉಪಾಯ ಇಲ್ಲೂ ನಡೆಯುತ್ತದೆ, ಆದರೆ ಸಮ ಬರಬಾರದು! ಉದಾಹರಣೆಗೆ, ಬೂಮ್ ನಡುಗೆರೆಯಿಂದ 10 ಮಿ.ಮೀ. ಎಡಕ್ಕಿದೆ, ಬಾಲದ ತುದಿ ರೆಕ್ಕೆಯ ಗೆರೆಯಿಂದ 130 ಮಿ.ಮೀ. ಹಿಂದಿದೆ ಅಂದುಕೊಳ್ಳಿ. ಎಡಗಡೆಯ ಓರೆ ಅಳತೆ 111 ಮತ್ತು 130ರ ಕರ್ಣ, ಸುಮಾರು 171. ಬಲಗಡೆಯದು 131 ಮತ್ತು 130ರ ಕರ್ಣ, ಸುಮಾರು 184.5. ವ್ಯತ್ಯಾಸ 13.5 ಮಿ.ಮೀ. ನಿಮ್ಮ ನಕ್ಷೆಯ ಅಂಕಿ ಹಾಕಿ ಇದೇ ಲೆಕ್ಕ ಮಾಡಿ, ಆ ವ್ಯತ್ಯಾಸ ಬರುವವರೆಗೆ ಬೂಮ್ ತಿರುಗಿಸಿ. ಬೂಮ್ ಒಂದೇ ಒಂದು ಡಿಗ್ರಿ ತಿರುಗಿದರೂ ಬಾಲ 2.3 ಮಿ.ಮೀ. ಸರಿಯುತ್ತದೆ, ಹಾಗಾಗಿ ಅಳತೆಪಟ್ಟಿಗೆ ತಪ್ಪು ಸುಲಭವಾಗಿ ಸಿಕ್ಕಿಬೀಳುತ್ತದೆ.

ಹಳೆಯ ಕಿಟ್‌ಗಳಲ್ಲಿ ತೂತು ದೊಡ್ಡದು, ಅದರಲ್ಲಿ ಕೂರುವ ಕಡ್ಡಿ ಸಣ್ಣದು. ಭಾಗ ಎತ್ತ ಬೇಕಾದರೂ ವಾಲುತ್ತದೆ. ಕಡ್ಡಿ ಕತ್ತರಿಸಿ, 1 ಮಿ.ಮೀ. ಹಿತ್ತಾಳೆ ತಂತಿ ಕೂರಿಸಿ, ತೆಳು ಅಂಟಿನ ಎರಡು ಚುಕ್ಕೆಯಲ್ಲಿ ಮೊದಲು ನಿಲ್ಲಿಸಿದರೆ ಹತ್ತು ನಿಮಿಷ ತಿದ್ದಲು ಸಮಯ ಸಿಗುತ್ತದೆ. ಅಳತೆ ಸರಿ ಬಂದ ಮೇಲೆ ಸಂದಿಗೆ ಅಂಟು ಹರಿಸಿ, ಹಲಗೆಯಿಂದ ಎತ್ತದೆ 24 ಗಂಟೆ.

ಬಾಲದ ಅಡ್ಡರೆಕ್ಕೆಯೂ ಅರ್ಧವೇ. ಹಿಂದಿನ ಬಂದೂಕುಧಾರಿಗೆ ಅಡ್ಡ ಬರಬಾರದೆಂದು ಬಿ ಮಾದರಿಯಲ್ಲಿ ಬಲಗಡೆಯದನ್ನು ಹೆಚ್ಚುಕಡಿಮೆ ತೆಗೆದೇ ಹಾಕಿದರು. ಇದಕ್ಕೆ ಕಾರ್ಡಿನಲ್ಲಿ ಕತ್ತರಿಸಿದ ಒಂದು ಮೂಲೆಮಟ್ಟ ಸಾಕು.

ಚಕ್ರದ ವಿಷಯದಲ್ಲಿ ಒಂದು ಮೋಸವಿದೆ. ಎರಡು ಮುಖ್ಯ ಚಕ್ರ, ಬೂಮಿನ ಕೆಳಗೆ ಹಿಂಚಕ್ರ, ಒಟ್ಟು ಮೂರು. ಮೂರು ಕಾಲಿನ ಯಾವುದೂ ಅಲುಗಾಡುವುದಿಲ್ಲ, ಒಂದು ಕಾಲು ಗಿಡ್ಡವಾದರೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದ್ದರಿಂದ ಚಕ್ರ ನೆಲ ಮುಟ್ಟಿದೆಯೇ ಅಂತ ನೋಡಿ ಪ್ರಯೋಜನವಿಲ್ಲ, ರೆಕ್ಕೆಯ ಎರಡು ತುದಿಗಳ ಎತ್ತರ ಅಳೆಯಬೇಕು. ಚಕ್ರಗಳ ನಡುವೆ 70 ಮಿ.ಮೀ. ಇದ್ದರೆ, ಒಂದು ಕಾಲಿನ 1 ಮಿ.ಮೀ. ವ್ಯತ್ಯಾಸ ರೆಕ್ಕೆಯ ತುದಿಗಳಲ್ಲಿ ಮೂರೂವರೆ ಮಿ.ಮೀ. ಆಗಿ ಕಾಣುತ್ತದೆ.

ಗಾಜಿನ ಗೂಡು ಬೇರೆಯದೇ ತಲೆನೋವು. ಪಾರದರ್ಶಕ ಪ್ಲಾಸ್ಟಿಕ್ ಹಳತಾದಷ್ಟೂ ಪೆಡಸು. ಕಟರ್ ಒತ್ತಿದರೆ ಬುಡದಿಂದ ಬಿಳಿ ಬಿರುಕು ಒಳಗೆ ಓಡುತ್ತದೆ. ಸಣ್ಣ ಗರಗಸದಲ್ಲಿ, ಭಾಗದಿಂದ 2 ಮಿ.ಮೀ. ದೂರ ಕೊಯ್ದು, ಉಳಿದದ್ದನ್ನು ಉಜ್ಜಿ ತೆಗೆಯಬೇಕು. ಇದರ ಹತ್ತಿರಕ್ಕೂ ಸೂಪರ್ ಗ್ಲೂ ತರಬೇಡಿ. ಅದರ ಆವಿ ಗಾಜಿನ ಒಳಮೈಗೆ ಬಿಳಿ ಮಂಜಾಗಿ ಕೂರುತ್ತದೆ, ಮುಚ್ಚಿದ ಮೇಲೆ ಒರೆಸಲು ದಾರಿಯಿಲ್ಲ. ಒಳಗಿನ ಆಸನ, ಉಪಕರಣಗಳಿಗೆ ಅದೇ ಅಂಟು ಬಳಸಿದ್ದರೆ ಗಾಜು ಕೂರಿಸುವ ಮೊದಲು ಒಂದು ರಾತ್ರಿ ತೆರೆದಿಡಿ. ಗಾಜಿಗೆ ಬಿಳಿ ಪಿವಿಎ ಅಂಟೇ ಸರಿ, ಚೆಲ್ಲಿದರೆ ಒದ್ದೆ ಬ್ರಷ್ಷಿಗೆ ಬರುತ್ತದೆ.

ಗೂಡಿನ ಚೌಕಟ್ಟಿನ ಪಟ್ಟಿಗಳಿಗೆ ಬಣ್ಣ ಹಾಕಲು ಮಾಸ್ಕಿಂಗ್, ಅಂದರೆ ಬಣ್ಣ ತಾಗಬಾರದ ಗಾಜನ್ನು ಮುಚ್ಚುವುದು: ಟೇಪನ್ನು 1 ಮಿ.ಮೀ. ಎಳೆಗಳಾಗಿ ಸೀಳಿ ಪ್ರತಿ ಕಿಟಕಿಯ ಅಂಚಿಗೆ ಮಾತ್ರ, ನಡುವಿಗೆ ಮಾಸ್ಕಿಂಗ್ ದ್ರವ. ಬೇಸರದ ಕೆಲಸ, ಅಡ್ಡದಾರಿ ಇಲ್ಲ. ಮೊದಲ ಪದರ ಒಳಗಿನ ಬಣ್ಣದ್ದು, ಅದರ ಮೇಲೆ ಹೊರಗಿನದು. ಆಗ ಗಾಜಿನ ಮೂಲಕ ನೋಡಿದರೆ ಪಟ್ಟಿಯ ಒಳಮೈ ಕಾಕ್‌ಪಿಟ್ಟಿನ ಬಣ್ಣದಲ್ಲೇ ಕಾಣುತ್ತದೆ.

ಬಣ್ಣ ಆ ಕಾಲದ ಜರ್ಮನ್ ರೂಢಿಯದೇ: ಕೆಳಗೆ ಆರ್‌ಎಲ್‌ಎಂ 65 (ವಾಯುಯಾನ ಸಚಿವಾಲಯದ ಬಣ್ಣದ ಸಂಖ್ಯೆ) ತಿಳಿನೀಲಿ, ಮೇಲೆ 71 ಮತ್ತು 70ರ ಎರಡು ಹಸಿರು, ಚೂಪು ಮೂಲೆಗಳ ತುಂಡುಗಳಲ್ಲಿ. ತಿಳಿಬಣ್ಣ ಮೊದಲು. ಎರಡು ಹಸಿರೂ ಕಡುವಾದ್ದರಿಂದ ಈ ಅಳತೆಯಲ್ಲಿ ಒಂದೇ ಕಪ್ಪು ಮುದ್ದೆಯಾಗಿ ಕಾಣುವ ಅಪಾಯವಿದೆ. 71ಕ್ಕೆ ಹತ್ತರಲ್ಲಿ ಒಂದು ಪಾಲು ತಿಳಿಬೂದು ಬೆರೆಸಿದರೆ ಬೇರ್ಪಡುತ್ತದೆ. ಬಿಳಿ ಬೆರೆಸಿದರೆ ಸುಣ್ಣ ಬಳಿದ ಹಾಗೆ. ಏರ್‌ಬ್ರಷ್‌ಗೆ ಬಣ್ಣ ಮತ್ತು ಥಿನ್ನರ್ ಸಮಪಾಲು, 0.3 ಮಿ.ಮೀ. ಸೂಜಿ, ಗಾಳಿಯ ಒತ್ತಡ 15 ಪಿಎಸ್‌ಐ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ ಟೇಪನ್ನು ಅದರ ಮೇಲೇ ಮಡಚಿದಂತೆ ಹಿಂದಕ್ಕೆ ಎಳೆಯಿರಿ. ತಡ ಮಾಡಿದರೆ ಅಂಚಿನಲ್ಲಿ ಏಣು ಉಳಿಯುತ್ತದೆ.

ಡೆಕಾಲ್ ಹಾಳೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳದು) ಹಳದಿಯಾಗಿದೆ. ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಟೇಪಿನಲ್ಲಿ ಅಂಟಿಸಿದ್ದಾಗಿದೆ, ಕೆಲವು ದಿನಗಳಲ್ಲಿ ಹಳದಿ ಇಳಿಯಬೇಕು. ಬೇಡದ ಒಂದು ಗುರುತನ್ನು ನೀರಿಗೆ ಹಾಕಿ ನೋಡಿದರೆ ನಾಲ್ಕು ಚೂರಾಯಿತು. ಹಾಗಾಗಿ ಇಡೀ ಹಾಳೆಗೆ ಹೊಳಪು ವಾರ್ನಿಷ್‌ನ ಎರಡು ತೆಳು ಪದರ ಬೇಕು. ಆಮೇಲೆ ಪ್ರತಿ ಗುರುತನ್ನೂ ಅಂಚಿಗೆ ಒತ್ತಿ ಕತ್ತರಿಸಬೇಕು, ವಾರ್ನಿಷ್ ಹಾಕಿದ ಮೇಲೆ ಹಾಳೆಯೆಲ್ಲ ಒಂದೇ ಪೊರೆ.

ಬೂಮ್ ಹಲಗೆಯ ಮೇಲೆ ಒಣಗುತ್ತಿದೆ. ರಾತ್ರಿ ಒಂಬತ್ತಕ್ಕೆ ಮತ್ತೆ ಅಳೆದಾಗ ಓರೆ ಅಳತೆಯ ವ್ಯತ್ಯಾಸ ಲೆಕ್ಕಕ್ಕಿಂತ ಅರ್ಧ ಮಿ.ಮೀ. ಕಡಿಮೆ. ಅಂಟು ಇನ್ನೂ ಮೆತ್ತಗಿತ್ತು, ಬಾಲದ ಬಲಗಡೆ ಒಂದು ಗುಂಡುಪಿನ್ ಚುಚ್ಚಿ ಎಡಕ್ಕೆ ಒತ್ತಿಟ್ಟಾಗಿದೆ. ನಾಳೆ ಸಂಜೆಯವರೆಗೆ ಮುಟ್ಟುವಂತಿಲ್ಲ.