ಕಾಫಿ ಬೀಜದ ಗುಳಿಗೆ

12 ಜೂನ್ 2024, ಬುಧವಾರ
ಮಂಗಳೂರು

"ರಾತ್ರಿ ಮಳೆ ಬಂತಾ? ನನಗೆ ಗೊತ್ತೇ ಆಗಲಿಲ್ಲ ನೋಡು" ಎಂದರು ಅಮ್ಮ, ಬೆಳಿಗ್ಗೆ ಆರಕ್ಕೆ. ಗುಡುಗಿಗೆ ನಾನೇ ಎರಡು ಸಲ ಎದ್ದಿದ್ದೆ. ಅಪ್ಪ ಹೋದ ಮೇಲೆ ಅಮ್ಮ ಹೀಗೆ ಮಲಗಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು.

ಹೋಮಿಯೋಪಥಿ ಶುರುಮಾಡಿ ಐದು ವಾರ. ನಮ್ಮೂರಿಗೆ ಇದು ಹೊಸದಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಆಲದ ಮರದ ಕೆಳಗೆ ಈ ಔಷಧಿ ಕೊಡುತ್ತಿದ್ದರು. ಅಮ್ಮನಿಗೆ ಆ ನಂಬಿಕೆ ತವರಿನಿಂದಲೇ ಬಂದಿದ್ದು.

ಮೊದಲ ದಿನ ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿಸಿದರು. ಎಷ್ಟು ಗಂಟೆಗೆ ಎಚ್ಚರ ಆಗುತ್ತದೆ, ಆಗ ಏನು ಯೋಚನೆ, ಸೆಖೆಯಾ, ಚಳಿಯಾ. ಅಮ್ಮ ಅಪ್ಪನ ಕೊನೆಯ ದಿನಗಳನ್ನೆಲ್ಲ ಹೇಳಿಕೊಂಡರು. ಅಷ್ಟು ಹೊತ್ತು ಕೂತು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಕಾಫಿಯಾ ಕ್ರೂಡಾ 30 ಕೊಟ್ಟರು. ಹುರಿಯದ ಕಾಫಿ ಬೀಜದಿಂದ ಮಾಡುವ ಔಷಧಿ. ನಿದ್ದೆ ಕೆಡಿಸುವುದೇ ತೀರಾ ಸ್ವಲ್ಪವಾದರೆ ನಿದ್ದೆ ತರುತ್ತದೆ ಎನ್ನುವುದು ಹೋಮಿಯೋಪಥಿ ಹುಟ್ಟುಹಾಕಿದ ಹಾನಿಮನ್ 1796ರಲ್ಲಿ ಮುಂದಿಟ್ಟ ತತ್ವದ ಲೆಕ್ಕ. ಜೊತೆಗೊಂದು ಪಥ್ಯ: ಗುಳಿಗೆ ತಿನ್ನುವಷ್ಟು ದಿನ ಕಾಫಿ ಮುಟ್ಟಬಾರದು.

ನನಗೆ ಆ ಪಥ್ಯದ ಮೇಲೇ ನಂಬಿಕೆ ಜಾಸ್ತಿ. 30 ಅಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳು ಮಾಡಿದ್ದು. ಹನ್ನೆರಡು ಸಲ ದಾಟಿದರೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವುದು ಕಷ್ಟ. ಆದರೆ ಅಮ್ಮ ಬಿಟ್ಟ ಸಂಜೆ ಆರರ ಕಾಫಿ ದೊಡ್ಡ ಲೋಟದ್ದು, ಗಟ್ಟಿ ಡಿಕಾಕ್ಷನ್‌ದು. ಅದರ ಕೆಫೀನು ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟದಷ್ಟು ಮೈಯಲ್ಲಿ ಉಳಿದಿರುತ್ತಿತ್ತು, ಅಲ್ವಾ? ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟರು. ರಾತ್ರಿ ಹೇಗೇ ಕಳೆಯಲಿ, ಬೆಳಿಗ್ಗೆ ಆರಕ್ಕೇ ಏಳುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಇರಬಹುದು. ಗುಳಿಗೆಯೂ ಇರಲಿ" ಎಂದರು. ಇರಲಿ.

ಒಂದು ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಎರಡು ವರ್ಷದಿಂದ ನುಂಗುತ್ತಿರುವ ನಿದ್ದೆ ಮಾತ್ರೆಯನ್ನು ಇವತ್ತಿನಿಂದಲೇ ನಿಲ್ಲಿಸುತ್ತೇನೆ ಅಂದರು. "ಬೇಡಮ್ಮ, ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತೆ, ಬೇರೆ ತೊಂದರೆಯೂ ಆಗಬಹುದು" ಎಂದೆ. ಅದನ್ನು ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಶುಕ್ರವಾರ ಕರೆದುಕೊಂಡು ಹೋಗುತ್ತೇನೆ. ಈಚೆಗೆ ಗೊರಕೆಯೂ ಜಾಸ್ತಿಯಾಗಿದೆ, ಅದನ್ನೂ ಕೇಳಬೇಕು.

ಸಂಜೆ ಆರಕ್ಕೆ ಅಮ್ಮ ಕೊತ್ತಂಬರಿ ಜೀರಿಗೆ ಕಷಾಯ ಮಾಡಿದರು. ನನಗೂ ಒಂದು ಲೋಟ. ಹೊರಗೆ ಮತ್ತೆ ಮಳೆ ಹಿಡಿದಿದೆ.