ಅಂಚು ಬಿಚ್ಚಿದ ಬಾಲ

ನಾನು ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುವವಳು. ಎಲ್ಲಿ ಅಂಚು ಬಿಚ್ಚಿದ್ದರೂ ನನ್ನ ಕಣ್ಣಿಗೆ ಮೊದಲು ಅದೇ ಬೀಳುತ್ತದೆ. ಸಂಕ್ರಾಂತಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಕಾಫಿ ಹಿಡಿದು ಮೀನಿನ ತೊಟ್ಟಿ ಮುಂದೆ ಕೂತರೆ ನೀಲಿಯ ಬಾಲದ ತುದಿ ನೂಲು ನೂಲಾಗಿ ಬಿಟ್ಟುಕೊಂಡಿತ್ತು. ಅಂಚಿಗೆ ತೆಳ್ಳಗೆ ಕಪ್ಪು ಗೆರೆ. ಎರಡು ಕಡೆ ಕೆಂಪು.

ನೀಲಿ ನಮ್ಮ ಫೈಟರ್ ಮೀನು. ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರಿದಾಗ ನನಗೆ ಒಪ್ಪಿಸಿ ಹೋದ. 1969ರಲ್ಲಿ ಶುರುವಾದ ಕಾಲೇಜು ಅದು, ದೇಶದಲ್ಲೇ ಮೊದಲನೆಯದು. ಹೇಳಿಕೊಳ್ಳಲು ನನಗೆ ಹೆಮ್ಮೆ.

ಫೋಟೊ ಕಳಿಸಿದ ತಕ್ಷಣ ಫೋನ್ ಬಂತು. ಬಾಲದ ವಿಷಯ ಕೇಳಲೇ ಇಲ್ಲ ಅವನು.

"ಅಮ್ಮ, ಫಿಲ್ಟರಿನ ಸ್ಪಾಂಜ್ ಯಾವ ನೀರಲ್ಲಿ ತೊಳೆದೆ?"

"ಹಬ್ಬಕ್ಕೆ ಮನೆಯೆಲ್ಲಾ ತೊಳೆದೆನಲ್ಲ, ಆಗ ಅದನ್ನೂ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿದೆ ಕಣೋ."

ಅಲ್ಲೇ ಆಗಿತ್ತು ತಪ್ಪು. ಸ್ಪಾಂಜಿಗೆ ಅಂಟಿದ್ದ ಕಂದು ಲೋಳೆಯನ್ನು ನಾನು ಬರೀ ಕೊಳೆ ಅಂದುಕೊಂಡಿದ್ದೆ. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಆ ಲೋಳೆಯಲ್ಲೇ. ಹೊಸ ತೊಟ್ಟಿಯಲ್ಲಿ ಅವು ನೆಲೆ ಊರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿ ನಾನು ಒಂದೇ ನಿಮಿಷದಲ್ಲಿ ತೊಳೆದುಬಿಟ್ಟಿದ್ದೆ. ಮಗ ಬಿಟ್ಟುಹೋದ ಕಿಟ್ಟಿನಲ್ಲಿ ಅಮೋನಿಯಾ ಪರೀಕ್ಷೆ ಮಾಡಿದೆ. ಹಳದಿ ಬರಬೇಕಾದಲ್ಲಿ ಹಸಿರು ಬಂತು. ಆ ಬಣ್ಣ ನೋಡಿ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು.

ಹೀಗೆ ಬಾಲ, ರೆಕ್ಕೆ ಕೊಳೆಯುವ ರೋಗಕ್ಕೆ ಫಿನ್ ರಾಟ್ ಅನ್ನುತ್ತಾರೆ. ಅದನ್ನು ತರುವ ಏರೋಮೋನಾಸ್, ಸ್ಯೂಡೋಮೋನಾಸ್ ಥರದ ಬ್ಯಾಕ್ಟೀರಿಯಾ ನೀರಿನಲ್ಲಿ ಯಾವಾಗಲೂ ಇರುತ್ತವಂತೆ. ಮೀನು ಗಟ್ಟಿಯಾಗಿದ್ದರೆ ಸುಮ್ನೆ ಇರುತ್ತವೆ. ಅಮೋನಿಯಾ ಸುಟ್ಟ ರೆಕ್ಕೆ, ಜೊತೆಗೆ ಚಳಿ, ಇಷ್ಟು ಸಾಕು. ಮೈಸೂರಿನ ಜನವರಿಯಲ್ಲಿ ನಮ್ಮ ತೊಟ್ಟಿಯ ನೀರು 22 ಡಿಗ್ರಿಗೆ ಇಳಿದಿತ್ತು. ಫೈಟರ್ ಥಾಯ್ಲೆಂಡ್ ಕಡೆಯ ಮೀನು, ಅದಕ್ಕೆ 26ರ ಆಸುಪಾಸು ಬೇಕು.

ಮೀನಿನ ಅಂಗಡಿಗೆ ಹೋದರೆ ನೀಲಿ ಬಣ್ಣದ ಒಂದು ಬಾಟಲಿ ಕೊಟ್ಟು ತೊಟ್ಟಿಗೇ ಹಾಕಿ ಅಂದರು. ಮೆಥಿಲೀನ್ ಬ್ಲೂ. ಮಗ ಬೇಡವೇ ಬೇಡ ಅಂದ. ಅದು ಉಳಿದ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಹಾಕುವುದಿದ್ದರೆ ಬೇರೆ ಟಬ್ಬಿನಲ್ಲಿ ಮಾತ್ರ. ಕೇಳಿದ ಕೂಡಲೇ ಔಷಧಿ ಕೊಡುವ ಬದಲು ನೀರು ಹೇಗಿದೆ ಅಂತ ಒಂದು ಮಾತು ಕೇಳಬೇಕಿತ್ತು ಅಂಗಡಿಯವರು.

ಸರಿ, ನೀರಿಗೇ ಕೈ ಹಾಕಿದೆ. ತೊಟ್ಟಿಯಲ್ಲಿ 16 ಲೀಟರ್ ನೀರು. ದಿನಾ ನಾಲ್ಕು ಲೀಟರ್ ತೆಗೆದು ನಾಲ್ಕು ಲೀಟರ್ ಹಾಕುವುದು. ಕ್ಲೋರಿನ್ ತೆಗೆಯುವ ಹನಿ ಬೆರೆಸಿ, ಸ್ವಲ್ಪ ಬಿಸಿನೀರು ಸೇರಿಸಿ, ಎರಡೂ ಕಡೆ ಥರ್ಮಾಮೀಟರ್ ಒಂದೇ ತೋರಿಸಿದ ಮೇಲೇ ಹಾಕುತ್ತಿದ್ದೆ. ತೆಗೆಯುವಾಗ ಪೈಪನ್ನು ಕಲ್ಲಿನ ಮೇಲೆ ಆಡಿಸಿದರೆ ಅಡಿಯ ಕೊಳೆ ಎಳೆದುಕೊಂಡು ಬರುತ್ತದೆ. ಗಿಡಗಳನ್ನು ಬಕೆಟ್ಟಿಗೆ ಎತ್ತಿಟ್ಟು, ನಾಲ್ಕು ಲೀಟರಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಏನೂ ಬೆರೆಸದ ಕಲ್ಲುಪ್ಪು ಪುಡಿ ಮಾಡಿ ಕರಗಿಸಿ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದೆ. ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ತೆಗೆದ ನೀರಿಗೆ ತಕ್ಕಷ್ಟೇ ಮತ್ತೆ ಹಾಕಬೇಕು. ಹತ್ತು ದಿನಕ್ಕೆ ನಿಲ್ಲಿಸಿದೆ. ಕೋರಿಡೋರಸ್ ಥರದ ಮೀನಿದ್ದರೆ ಉಪ್ಪು ಒಗ್ಗುವುದಿಲ್ಲ, ನೆನಪಿರಲಿ.

ಹೀಟರ್ ಹಾಕುವ ಮೊದಲು ಮಗ ಇನ್ನೊಂದು ಫೋಟೊ ಕೇಳಿದ. ಮೈಮೇಲೆ ಬಿಳಿ ಪೊರೆಯ ಹಾಗೆ ಬಂದು ಒಂದೆರಡು ದಿನದಲ್ಲೇ ಹರಡಿದರೆ ಅದು ಕಾಲಮ್ನಾರಿಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ರೋಗ ಇರಬಹುದು, ಅದು ಶಾಖಕ್ಕೆ ಇನ್ನೂ ಜಾಸ್ತಿಯಾಗುತ್ತದೆ ಅಂದ. ನೀಲಿಗೆ ಅದಿರಲಿಲ್ಲ. ತನ್ನ ಬಾಲ ತಾನೇ ಕಚ್ಚಿಕೊಳ್ಳುವ ಫೈಟರ್‌ಗಳೂ ಇವೆ. ಆಗ ರಾತ್ರಿ ಕಳೆಯುವುದರೊಳಗೆ ತುಂಡೇ ಹೋಗಿರುತ್ತದೆ, ಅಂಚಿನಲ್ಲಿ ಕಪ್ಪು ಇರುವುದಿಲ್ಲ.

ನಾಲ್ಕು ದಿನ ಏನೂ ಬದಲಾಗಲಿಲ್ಲ. ನೀಲಿ ಹೀಟರ್ ಪಕ್ಕ ಎಲೆ ಹಾಗೆ ಒರಗಿಕೊಂಡೇ ಇದ್ದ. ಕೆಲಸಕ್ಕೆ ಕೂತರೂ ಕೈ ಓಡುತ್ತಿರಲಿಲ್ಲ. ಐದನೇ ದಿನ ಕಪ್ಪು ಗೆರೆ ಮುಂದೆ ಹೋಗುವುದು ನಿಂತಿತು. ಎರಡನೇ ವಾರ ಬಾಲದ ತುದಿಯಲ್ಲಿ ಏನೋ ಹೊಳೆಯಿತು. ಟಾರ್ಚ್ ಹಿಡಿದು ನೋಡಿದೆ. ಬಣ್ಣವೇ ಇಲ್ಲದ, ಈರುಳ್ಳಿ ಪೊರೆಗಿಂತ ತೆಳುವಾದ ಹೊಸ ರೆಕ್ಕೆ! ಮೊದಲು ಹೀಗೇ ಬರುವುದಂತೆ, ಬಣ್ಣ ಆಮೇಲೆ.

ಅಮೋನಿಯಾ ಪರೀಕ್ಷೆ ಮತ್ತೆ ಹಳದಿ ತೋರಿಸಲು ಫೆಬ್ರವರಿ ಮುಗಿಯಬೇಕಾಯಿತು. ಅಲ್ಲಿಯವರೆಗೂ ನೀರು ಬದಲಿಸುವುದು ಬಿಡಲಿಲ್ಲ. ಈಗ ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಮೆಲ್ಲಗೆ ಅದುಮುತ್ತೇನೆ, ಅಷ್ಟೇ. ಆ ಕಂದು ನೀರು ದಾಸವಾಳದ ಬುಡಕ್ಕೆ ಹೋಗುತ್ತದೆ. ನೀಲಿ ಬಾಲದ ಹೊಸ ಭಾಗ ಇನ್ನೂ ಸ್ವಲ್ಪ ತಿಳಿ ನೀಲಿ, ಬೇರೆ ನೂಲಿನಲ್ಲಿ ನೇಯ್ದ ಹಾಗೆ.