ಏಪ್ರಿಲ್ ಬಿಸಿಲಲ್ಲಿ ಜೆಸಿಬಿ ಕೇಕ್

ತುಮಕೂರಿನಲ್ಲಿ ಏಪ್ರಿಲ್ ತಿಂಗಳು ಹುಟ್ಟಿದ ಮಗುವಿಗೆ ಮನೆಯಲ್ಲೇ ಐಸಿಂಗ್ ಕೇಕ್ ಮಾಡ್ತೀನಿ ಅಂತ ಮಾತು ಕೊಡುವವರು ಮೊದಲು ಬಾಗಿಲು ತೆಗೆದು ಬಿಸಿಲು ನೋಡಬೇಕು. ಕೇಕ್ ಬೇಯಿಸುವುದು ದೊಡ್ಡ ವಿಷಯವೇ ಅಲ್ಲ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ನಮ್ಮಲ್ಲಿ ಯಾವಾಗಲೂ ಮೊಸರು, ಸೋಡಾ ಹಾಕಿದ ಕೇಕೇ. ಹಿಂದಿನ ರಾತ್ರಿಯೇ ಮಾಡಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಪುಡಿ ಉದುರದ ಹಾಗೆ ಗಟ್ಟಿಯಾಗಿರುತ್ತದೆ. ತಾಪತ್ರಯ ಶುರುವಾಗುವುದು ಅದರ ಮೇಲೆ ಬಳಿಯುವುದರಲ್ಲಿ.

ಮಗನಿಗೆ ಜೆಸಿಬಿ ಬೇಕಿತ್ತು. ರಸ್ತೆಯಲ್ಲಿ ಎಲ್ಲಿ ಪೈಪಿಗೆ ಅಗೆಯುತ್ತಿದ್ದರೂ ನನ್ನ ಕೈ ಬಿಡಿಸಿಕೊಂಡು ನಿಂತು ನೋಡುವ ಹುಡುಗ. ಹುಟ್ಟುಹಬ್ಬಕ್ಕೆ ಇನ್ನೇನು ಕೇಳ್ತಾನೆ ಹೇಳಿ. ನನಗೂ ಒಳಗೊಳಗೆ ಖುಷಿಯೇ ಆಯಿತು. ಬೆಣ್ಣೆಯ ಐಸಿಂಗ್ ತಾನೇ ತಿಳಿ ಹಳದಿ. ಅದಕ್ಕೆ ನೀಲಿ ಬೆರೆಸಿದರೆ ಹಸಿರಿಗೆ ತಿರುಗುತ್ತದೆ, ಆಮೇಲೆ ಆಕಾಶ ಬೇಕು ಅಂದರೂ ಕೆರೆಯ ಪಾಚಿಯೇ ಗತಿ. ಹಳದಿ ಮಾತ್ರ ಕೇಳಿದ ಹಾಗೆ ಬರುತ್ತದೆ. ಬಣ್ಣ ಜೆಲ್‌ನದ್ದಾಗಿರಬೇಕು ಅಷ್ಟೇ. ನೀರಿನಂಥ ಬಣ್ಣವನ್ನು ಜಾಸ್ತಿ ಹಾಕಿದಷ್ಟೂ ಐಸಿಂಗ್ ಸಡಿಲವಾಗುತ್ತದೆ.

ಕ್ರೀಮ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ. 25ರಷ್ಟು. ಕಡೆದರೆ ಉಬ್ಬಿ ನಿಲ್ಲಬೇಕಾದರೆ 30ಕ್ಕಿಂತ ಮೇಲಿರಬೇಕು, 35 ಇದ್ದರೆ ಇನ್ನೂ ಒಳ್ಳೆಯದು. ಆ ಡಬ್ಬಿಯನ್ನು ಎಷ್ಟು ಕಡೆದರೂ ಕೈ ನೋಯುತ್ತದೆಯೇ ಹೊರತು ಕ್ರೀಮ್ ನಿಲ್ಲುವುದಿಲ್ಲ. ಅದಕ್ಕೆ ನಾನು ನಂದಿನಿಯ ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಐಸಿಂಗ್ ಸಕ್ಕರೆ 400 ಗ್ರಾಂ ಇಟ್ಟುಕೊಂಡೆ. ಸಕ್ಕರೆ ಜರಡಿ ಹಿಡಿಯುವಾಗ ಫ್ಯಾನ್ ಹಾಕಬೇಡಿ. ಮಿಕ್ಸಿ, ಸ್ಟೌವ್, ಮೂಗು, ಎಲ್ಲ ಬೆಳ್ಳಗಾಗುತ್ತದೆ.

ವಿಡಿಯೋದಲ್ಲಿ ಎಲ್ಲರೂ ‘ರೂಮ್ ಟೆಂಪರೇಚರ್ ಬೆಣ್ಣೆ’ ಅನ್ನುತ್ತಾರೆ. ಯಾರ ರೂಮು ಅಂತ ಹೇಳುವುದಿಲ್ಲ. ಅವರದ್ದು 20 ಡಿಗ್ರಿ ಆಸುಪಾಸಿನ ಮನೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುತ್ತದೆ. ಬೆಣ್ಣೆ ಕರಗುವುದೂ 32ರಿಂದ 35ರ ಒಳಗೇ. ಅಂದರೆ ಮಧ್ಯಾಹ್ನ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟ ಬೆಣ್ಣೆ ತುಪ್ಪದ ದಾರಿ ಹಿಡಿದಿರುತ್ತದೆ.

ಆ ದಿನ ಹತ್ತೂವರೆಗೆ ಬೀಟರ್ ಹಿಡಿದೆ. ಬೆಣ್ಣೆ ಬೆಳ್ಳಗಾಗಿ ಹಗುರವಾಗುತ್ತಾ ಬಂದಿತ್ತು, ಅರ್ಧ ಸಕ್ಕರೆ ಬಿದ್ದಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇರುವುದು ಲೈಟು, ಫ್ಯಾನಿಗೆ ಮಾತ್ರ. ಚಮಚದಲ್ಲಿ ಕಲಸುತ್ತಾ ನಿಂತೆ. ನೋಡನೋಡುತ್ತಲೇ ಪಾತ್ರೆಯ ಅಂಚಿನಲ್ಲಿ ಎಣ್ಣೆಯ ಹೊಳಪು ಕಾಣಿಸಿತು.

ಅತ್ತೆ ಹಾಲ್‌ನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಎದ್ದು ಬಂದು ಇಣುಕಿದರು.

“ಇಷ್ಟು ಹೊತ್ತಲ್ಲಿ ಯಾರಮ್ಮಾ ಬೆಣ್ಣೆ ಕೆಲ್ಸ ಮಾಡ್ತಾರೆ? ಬೇಸ್ಗೇಲಿ ನಾವು ಕೋಳಿ ಕೂಗೋ ಹೊತ್ಗೆ ಮಜ್ಜಿಗೆ ಕಡ್ದು ಮುಗಿಸ್ತಿದ್ವಿ.”

“ಇದು ಐಸಿಂಗ್, ಅತ್ತೆ.”

“ಬೆಣ್ಣೆ ತಾನೆ?”

ಅತ್ತೆಯ ತವರು ಗುಬ್ಬಿ ಕಡೆ. ಎಮ್ಮೆ ಸಾಕಿದ ಮನೆ. ದೊಡ್ಡ ಬೋಗುಣಿಗೆ ನೀರು ಹುಯ್ದರು, ಫ್ರೀಜರ್‌ನಲ್ಲಿದ್ದ ಐಸ್ ಅಷ್ಟನ್ನೂ ಸುರಿದರು, ನನ್ನ ಪಾತ್ರೆಯನ್ನು ಅದರೊಳಗೆ ಕೂರಿಸಿದರು. “ಒಳಗೆ ಒಂದು ಹನಿ ನೀರು ಬೀಳ್ದಂಗೆ ನೋಡ್ಕೋ.” ಮೊಸರು ಕಡೆಯುವ ಪುಟ್ಟ ಮರದ ಕಡೆಗೋಲು ತಂದು ಎರಡು ಅಂಗೈ ನಡುವೆ ತಿರುಗಿಸತೊಡಗಿದರು. ಅಂಚಿನ ಹೊಳಪು ಮೊದಲು ಮಂಕಾಯಿತು. ಆಮೇಲೆ ಪಾತ್ರೆಗೆ ತಾಗಿದ ಕಡೆಯಿಂದ ಗಟ್ಟಿಯಾಗುತ್ತಾ ಬಂತು. ಅಲ್ಲಿಂದ ಕೆರೆದು ನಡುವಿಗೆ ಎಳೆಯುವುದು, ಮತ್ತೆ ಕಡೆಯುವುದು. ಕಡೆಗೋಲು ಎತ್ತಿದಾಗ ತುದಿಯಲ್ಲಿ ಚೂಪಾದ ಕೊಂಬು ನಿಂತಿತು. ಕೇಕ್ ವಿಡಿಯೋ ಒಂದನ್ನೂ ನೋಡದ ಅತ್ತೆ “ಈಗ ಸಾಕು” ಅಂತ ಸರಿಯಾಗಿ ಅಲ್ಲೇ ನಿಲ್ಲಿಸಿದರು!

ಬಳಿಯುವುದಕ್ಕೂ ಅವರದ್ದೇ ಉಪಾಯ. ಬೆಣ್ಣೆ ಉಂಡೆ ಕಟ್ಟುವ ಮುಂಚೆ ಕೈಯನ್ನು ತಣ್ಣೀರಿಗೆ ಅದ್ದುತ್ತಾರಲ್ಲ, ಹಾಗೆ ಚಾಕುವನ್ನು ಐಸ್ ನೀರಿಗೆ ಅದ್ದಿ, ಒರೆಸಿ, ಬಳಿದೆ. ಮೊದಲ ಪದರ ತೆಳ್ಳಗೆ, ಕೇಕಿನ ಪುಡಿಯೆಲ್ಲ ಅದರಲ್ಲೇ ಅಂಟಿಕೊಳ್ಳಲಿ ಅಂತ. ಅರ್ಧ ಗಂಟೆ ಫ್ರಿಜ್. ಆಮೇಲೆ ಎರಡನೆಯ ಪದರ. ಈ ಅರ್ಧ ಗಂಟೆ ಕಾಯುವುದು ಮಗನಿಗೆ ಮಾತ್ರ ಆಗಲಿಲ್ಲ. ಕರೆಂಟ್ ಇಲ್ಲದ ಫ್ರಿಜ್ಜಿನ ಬಾಗಿಲನ್ನು ತೆಗೆದು ತೆಗೆದು ನೋಡುತ್ತಿದ್ದ. ಅವನ ಅಪ್ಪ ಬಾಗಿಲಿಗೆ ಕುರ್ಚಿ ಹಾಕಿ ಕಾವಲು ಕೂತರು.

ಜೆಸಿಬಿಯ ಗೆರೆಯನ್ನು ಕಡ್ಡಿಯಲ್ಲಿ ಗೀರಿ, ಹಳದಿ ತುಂಬಿಸಿದೆ. ಐಸಿಂಗ್ ಹಿಂಡುವ ಪೈಪಿಂಗ್ ಬ್ಯಾಗಿಗೆ ಬದಲು ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರ್, ಮೂಲೆ ಕತ್ತರಿಸಿದ್ದು. ಅಂಗಡಿಯ ಬ್ಯಾಗಿಗಿಂತ ಅದೇ ಗಟ್ಟಿ. ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳಬೇಕು. ಅಂಗೈ ಬಿಸಿಗೆ ಒಳಗಿನದು ಬೇಗ ಮೆತ್ತಗಾಗುತ್ತದೆ. ಚಕ್ರಕ್ಕೆ ಕಪ್ಪು ಬಣ್ಣ ಹಾಕುವ ಸಾಹಸ ಮಾಡಲಿಲ್ಲ. ಫ್ರಿಜ್ಜಿನಿಂದ ಹೊರಗೆ ಬಂದ ಕೇಕ್ ಬೆವರುತ್ತದೆ, ಕಪ್ಪು ಇಳಿದು ಹಳದಿಯನ್ನು ಕೆಡಿಸುತ್ತದೆ, ತಿಂದವರ ಹಲ್ಲೂ ಕಪ್ಪು. ಕಪ್ಪು ಕ್ರೀಮ್ ಬಿಸ್ಕತ್ತನ್ನೇ ಚಕ್ರ ಮಾಡಿದೆ. ಕೇಕಿನ ಉಬ್ಬು ಕತ್ತರಿಸಿ ತೆಗೆದಿದ್ದನ್ನು ಪುಡಿ ಮಾಡಿ ಬಕೆಟ್ಟಿನ ಮುಂದೆ ಮಣ್ಣು ಸುರಿದೆ. ನನಗೆ ಕೇಳಿದರೆ ಇಡೀ ಕೇಕಿನಲ್ಲಿ ಚೆನ್ನಾಗಿ ಬಂದಿದ್ದು ಆ ಮಣ್ಣೇ.

‘ಹುಟ್ಟುಹಬ್ಬ’ ಅಂತ ಬರೆಯುವುದು ಬಾಕಿ ಇತ್ತು. ಕನ್ನಡ ಅಕ್ಷರ ದುಂಡಗಿರುವುದರಿಂದ ಕೈ ಎತ್ತದೆ ಸುತ್ತಿಕೊಂಡು ಹೋಗಬಹುದು, ಸಲೀಸು. ಆದರೆ ಒತ್ತಿಗೆ ಕೆಳಗೆ ಜಾಗ ಬಿಡಬೇಕು, ಇಲ್ಲಿ ಎರಡೆರಡು ಒತ್ತು. ಕರಗಿಸಿದ ಚಾಕೊಲೇಟನ್ನು ಬಟರ್ ಪೇಪರ್ ಕೋನಿಗೆ ಹಾಕಿ, ಬೋರಲು ಹಾಕಿದ ತಟ್ಟೆಯ ಮೇಲೆ ಬರೆದು ನೋಡಿ, ಆಮೇಲೆ ಕೇಕಿಗೆ ಕೈ ಹಾಕಿದೆ. ಮೆಹೆಂದಿ ಹಾಕಿ ರೂಢಿ ಇರುವವರಿಗೆ ಇದು ಬೇಗ ಒಗ್ಗುತ್ತದೆ.

ಸಂಜೆ ದೀಪ ಆರಿಸುವ ಮೊದಲೇ ಎರಡು ಚಕ್ರ ಮಾಯವಾಗಿದ್ದವು. ಅತ್ತೆ ಒಂದು ತುಂಡು ತಿಂದು, “ಬೆಣ್ಣೆ ಚೆನ್ನಾಗೈತೆ, ಇಷ್ಟೊಂದು ಸಕ್ಕರೆ ಯಾಕೆ ಸುರಿದೆ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಕ್ಕರೆ ಕಮ್ಮಿ ಮಾಡಿದರೆ ಈ ಸೆಕೆಗೆ ಐಸಿಂಗ್ ನಿಲ್ಲುವುದಿಲ್ಲ.

ಕೆಳಗಿನ ಮನೆಯವರು ಮಗಳಿಗೆ ಮೇ ತಿಂಗಳಲ್ಲಿ ಒಂದು ಮಾಡಿಕೊಡಿ, ಮೇಲೆ ಗುಲಾಬಿ ಹೂ ಇರಲಿ ಅಂದರು. ಮಾಡಿಕೊಡ್ತೀನಿ, ಹೂ ಮಾತ್ರ ಕೇಳಬೇಡಿ ಅಂದೆ. ಆ ಸೆಕೆಗೆ ಬೆಣ್ಣೆಯ ಬದಲು ಚಾಕೊಲೇಟೇ ಸರಿ. ಎರಡು ಪಾಲು ಡಾರ್ಕ್ ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್, ಕಡೆದರೆ ನಿಲ್ಲದ ಆ 25ರ ಡಬ್ಬಿಯೇ ಇದಕ್ಕೆ ಸಾಕು, ಬಿಸಿ ಮಾಡಿ ಕಲಸಿ ಬಳಿದರೆ ಗಟ್ಟಿ ಕೂರುತ್ತದೆ. ಸುತ್ತಲೂ ತಿಪಟೂರು ಕೊಬ್ಬರಿ ತುರಿ. ಗುಲಾಬಿ ಬೇಕೇ ಬೇಕು ಅಂದರೆ ಡಿಸೆಂಬರ್ ತನಕ ಕಾಯಲಿ.